ಪಡಸಾಲೆಯ ಹಗೇವು

"ಎಳೀರಿ, ಇನ್ನೊಮ್ಮಿ ಎಳೀರಿ."

ಬ್ಯಾಂಕಿನ ಇಬ್ಬರು ಗುಮಾಸ್ತರು ಮೇಜಿನ ಕಾಲಿಗೆ ಪಾದ ಒತ್ತಿ ಹಗ್ಗ ಜಗ್ಗಿದರು. ನೆಲದೊಳಗಿನ ಹಗೇವಿನ ಬಾಯಿಂದ ಕೂಲಿಯಾಳು ರಸೂಲನ ತಲೆ ಬಂತು, ಆಮೇಲೆ ಜೋತುಬಿದ್ದ ತೋಳುಗಳು. ತುಟಿಗಳು ನೀಲಿಯಾಗಿದ್ದವು.

ಹೀರಾಬಾಯಿ ಅವನ ಮೂಗಿನ ಕೆಳಗೆ ಬೆರಳು ಹಿಡಿದಳು. "ಉಸುರು ಅದ. ಗಾಳಿಗೆ ಒಯ್ರಿ."

ಗುಮಾಸ್ತರು ಅವನನ್ನು ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಜೀಪು ಹೊರಡುವವರೆಗೂ ಅವನು ಕಣ್ಣು ತೆರೆದಿರಲಿಲ್ಲ. ವಾಡೆಯಲ್ಲಿ ಹೀರಾಬಾಯಿ ಮತ್ತು ಬ್ಯಾಂಕಿನ ಮ್ಯಾನೇಜರ್ ಶ್ರೀನಿವಾಸರಾವ ಇಬ್ಬರೇ ಉಳಿದರು. ಪಕ್ಕದ ಮೂರಂತಸ್ತಿನ ಹೊಸ ಕಟ್ಟಡದ ಮೇಲೆ ಗಾರೆಯವರು ಕೆಲಸ ನಿಲ್ಲಿಸಿ ಅಂಗಳದೊಳಗೆ ಇಣುಕುತ್ತಿದ್ದರು.

ವಾಡೆ ಹೀರಾಬಾಯಿಯದು. ಗಂಡ ಸತ್ತ ಮೇಲೆ ಪಡಸಾಲೆಯನ್ನು ಬ್ಯಾಂಕಿಗೆ ಬಾಡಿಗೆ ಕೊಟ್ಟಿದ್ದಳು. ಮನೆ ನಡೆಯುತ್ತಿದ್ದದ್ದು, ಮಗಳು ಗುಲ್ಬರ್ಗದಲ್ಲಿ ಓದುತ್ತಿದ್ದದ್ದು ಆ ಬಾಡಿಗೆಯಿಂದ. ನಾಳೆ ಹೊಸ ತಿಜೋರಿ ಬರುವುದಿತ್ತು. ಪಡಸಾಲೆಯ ಕೆಳಗೆ ಒಂದು ಕಾಲಕ್ಕೆ ಜೋಳ ತುಂಬಿಡುತ್ತಿದ್ದ ಹಗೇವು ಟೊಳ್ಳಾಗಿ ಬಿದ್ದಿತ್ತು. ಅದರೊಳಗಿನ ಕಸ ಬಳಿದು ತೆಗೆದು ಕಲ್ಲು ತುಂಬದಿದ್ದರೆ ನೆಲ ಭಾರ ತಡೆಯುತ್ತಿರಲಿಲ್ಲ.

ಮುಂಜಾನೆ ಹಗೇವಿನ ಬಾಯಿಗಲ್ಲು ಸರಿಸಿದಾಗ ಅವಳು ಹೇಳಿದ್ದಳು, "ಇವತ್ತ ಬ್ಯಾಡ್ರಿ. ಒಳಗ ಕೆಟ್ಟ ಗಾಳಿ ಇರ್ತದ. ರಾತ್ರಿಯೆಲ್ಲ ತೆರೆದಿಡ್ರಿ. ನಾಳಿ ಕಂದೀಲ ಇಳಿಸಿ ನೋಡೂಣು. ದೀಪ ಆರಲಿಲ್ಲಂದ್ರ ಮನಷ್ಯಾ ಇಳೀಬೇಕು."

"ಬಾಯಾರ, ಬ್ಯಾಂಕ್ ಕಂದೀಲ ನೋಡಿ ನಡ್ಯಾಂಗಿಲ್ಲ," ಶ್ರೀನಿವಾಸರಾವ ನಕ್ಕಿದ್ದ. "ತಡಾ ಆತಂದ್ರ ತಿಜೋರಿ ಬಾಜೂ ಹೊಸ ಕಟ್ಟಡದಾಗ ಇಳಸ್ತೇವಿ. ಅಲ್ಲಿ ನೆಲಾ ಗಟ್ಟಿ ಅದ. ಅದರ ಬೆನ್ನಿಂದ ನಾವೂ ಹೋಗ್ತೇವಿ."

ರಸೂಲ ಬುಟ್ಟಿ ಹಿಡಿದು ನಿಂತಿದ್ದ. "ನಿಮ್ಮಿಬ್ಬರ ಮಾತಿನಾಗ ನನ್ನ ಪಗಾರ ಹೊಂಟದ್ರಿ. ಹೇಳ್ರಿ ಬಾಯಿ, ಇಳೀಲೋ ಬ್ಯಾಡೋ?"

ಅವಳು ಒಳಗಿಂದ ಹಗ್ಗ ತಂದುಕೊಟ್ಟಿದ್ದಳು.

ಈಗ ಶ್ರೀನಿವಾಸರಾವ ಹೊರಬಾಗಿಲಿಗೆ ಅಗಳಿ ಹಾಕಿ ಬಂದ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ರಸೂಲನ ಅಣ್ಣ ಬುರಾನುದ್ದೀನ ಬರಾಕತ್ತಾನ. ಹಿಂದ ಪೊಲೀಸರೂ ಬರ್ತಾರ. ಎಲ್ಲಾರೂ ಬ್ಯಾಡಂದೇವಿ, ಅಂವಾ ಕೇಳದs ಇಳದಾ ಅನ್ರಿ. ಗುಮಾಸ್ತರಿಗಿ ನಾ ಹೇಳ್ತೇನಿ." ಡ್ರಾವರಿನಿಂದ ಹೊಸ ಬಾಡಿಗೆ ಕರಾರು ತೆಗೆದ. "ಹತ್ತು ವರ್ಷ. ಈಗೇ ಸಹಿ ಹಾಕ್ತೇನಿ. ಹೆಡ್ ಆಫೀಸಿಗಿ ನಾ ಜವಾಬು."

ಅವಳು ಕರಾರಿನ ಮೇಲಿನ ತನ್ನ ಹೆಸರನ್ನೇ ನೋಡಿದಳು. ವರ್ಷದಿಂದ ಅದಕ್ಕಾಗಿ ಅವನ ಮೇಜಿನೆದುರು ನಿಂತಿದ್ದಳು.

"ಇಲ್ಲಾಂದ್ರ?"

"ಇಲ್ಲಾಂದ್ರ ಈ ತಿಂಗಳೇ ಖಾಲಿ ಮಾಡ್ತೇವಿ. ಅದರ ಮ್ಯಾಲ, ಹಗ್ಗ ಕೊಟ್ಟಾಕಿ ಯಾರು? ನೀವs ಅಲ್ಲೇನ್ರಿ?"

"ನಾನs. ಅದನೂ ಹೇಳ್ತೇನಿ."

"ಹುಚ್ಚಿ ಆಗಬ್ಯಾಡ್ರಿ. ಮಗಳ ಫೀ ಯಾರ ಕಟ್ತಾರ?"

ಬಾಗಿಲು ಗುದ್ದಿದ ಸದ್ದಾಯಿತು. ಶ್ರೀನಿವಾಸರಾವ ಅವಸರದಿಂದ ಸಹಿ ಹಾಕಿ, ಕರಾರನ್ನೂ ಪೆನ್ನನ್ನೂ ಅವಳ ಕಡೆ ನೂಕಿದ. ಮತ್ತೆ ಗುದ್ದು ಬಿತ್ತು. ಹೊರಗಿನಿಂದ ಬುರಾನುದ್ದೀನನ ದನಿ, "ಬಾಯೀ, ನನ್ ತಮ್ಮಗ ಏನಾತ್ರಿ?"

"ಅನ್ರಿ," ಶ್ರೀನಿವಾಸರಾವ ಪಿಸುಗುಟ್ಟಿದ.

"ಅನ್ನಂಗಿಲ್ರಿ," ಎಂದಳು ಹೀರಾಬಾಯಿ.