ನಿಂಬೆವ್ವ ಅಡವಿ ನೋಡಲು ಹೊರಟದ್ದು

ನಮ್ಮೂರು ಘತ್ತರಗಿಯ ದಾರಿಯ ಮೇಲಿದೆ. ಭಾಗ್ಯವಂತಿಯ ಗುಡಿಗೆ ಹೋಗುವ ಗಾಡಿಗಳೆಲ್ಲ ನಮ್ಮ ಅಂಗಳದ ಮುಂದೆಯೇ ಹಾಯಬೇಕು. ನನ್ನ ಅಕ್ಕ ನಿಂಬೆವ್ವ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಆ ಗಾಡಿಗಳ ಧೂಳು ಕುಡಿಯುತ್ತಲೇ ತಲೆ ಬೆಳ್ಳಗಾಗಿಸಿಕೊಂಡಳು. ಅವಳು ಒಮ್ಮೆ ಸೆರಗು ಝಾಡಿಸಿದರೆ ಹೊಲವೊಂದಕ್ಕೆ ಸಾಕಾಗುವಷ್ಟು ಮಣ್ಣು ಬೀಳುತ್ತಿತ್ತು.

ಆಗಿನ್ನೂ ನಿಜಾಮರ ರಾಜ್ಯ. ಜಗತ್ತಿನ ಎರಡನೆಯ ಲಡಾಯಿ ಶುರುವಾಗಿರಲಿಲ್ಲ. ಕಟ್ಟಿಗೆಯ ಗಾಡಿ ಹೊಡೆಯುವ ಇಮಾಮಸಾಬ ನಮ್ಮ ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತ ಚಿಂಚೋಳಿಯಾಚೆಯ ಅಡವಿಯ ಸುದ್ದಿ ತೆಗೆದ. ಅಲ್ಲಿ ಮಟಮಟ ಮಧ್ಯಾಹ್ನವೂ ಬಿಸಿಲು ನೆಲಕ್ಕೆ ಇಳಿಯುವುದಿಲ್ಲವಂತೆ, ಜಿಂಕೆಗಳು ನಮ್ಮ ಆಡುಗಳ ಹಾಗೆ ದಾರಿ ದಾಟುತ್ತವಂತೆ. ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಗಿಡಗಳು ಎಷ್ಟು ಕಡಿಮೆಯೆಂದರೆ, ಕಾಗೆಗಳು ಜಾಲಿಯ ಮೇಲೆ ಕೂಡಲು ಪಾಳಿ ಹಚ್ಚುತ್ತಿದ್ದವು. ಅಕ್ಕ ಮಜ್ಜಿಗೆಯ ಗಡಿಗೆ ಕೆಳಗಿಟ್ಟು, “ನಾ ಅದನ್ನ ನೋಡಬೇಕು” ಎಂದಳು. ಕೇಳಿದ್ದಲ್ಲ, ಹುಕುಂ ಮಾಡಿದ್ದು.

ತಯಾರಿಯನ್ನೆಲ್ಲ ನಾನೇ ವಹಿಸಿಕೊಂಡೆ. ಗಾಡಿ ಹೊಡೆಯುವುದರಲ್ಲಿ ಈ ಖಂಡಪ್ಪನ ಸಮ ಆಳಂದದಿಂದ ಜೇವರ್ಗಿಯವರೆಗೆ ಯಾರೂ ಹುಟ್ಟಿಲ್ಲ. ಅಫಜಲಪುರದ ಸಂತೆಯಲ್ಲಿ ತತ್ತಿಯ ಬುಟ್ಟಿಗಳ ನಡುವೆ ಗಾಡಿ ತಿರುಗಿಸಿದವನು ನಾನು. ಒಂದು ತತ್ತಿಯೂ ಒಡೆಯಲಿಲ್ಲ, ಕೋಳಿಗಳೇ ಎದ್ದು ನಿಂತು ನೋಡಿದವು. ಅಚ್ಚಿಗೆ ಕೀಲೆಣ್ಣೆ ಹಚ್ಚಿದೆ, ಬಿದಿರು ಬಗ್ಗಿಸಿ ಮೇಲೆ ಕಮಾನು ಕಟ್ಟಿದೆ. ಅಕ್ಕ ಬಡಿದ ಕಟಕ ರೊಟ್ಟಿಯ ಸಪ್ಪಳಕ್ಕೆ ಭೀಮಾ ನದಿಯ ಮೀನುಗಳು ಆಚೆಯ ದಂಡೆಗೆ ಸರಿದವು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾದ ಹಿಂಡಿಯನ್ನು ಗಡಿಗೆಗೆ ತುಂಬಿ ಬಾಯಿ ಕಟ್ಟಿದಳು.

ಉಳಿದದ್ದು ಎತ್ತು. ನಮ್ಮದೊಂದು, ಬೀಗರ ಚಂದಪ್ಪನದೊಂದು. ಎರಡನ್ನೂ ಕೂಡಿಸಿಯೇ ಇಬ್ಬರ ಹೊಲ ಉಳುತ್ತಿದ್ದೆವು. ದೂರದ ಪಯಣಕ್ಕೆಂದು ಕೇಳಿದೊಡನೆ ಚಂದಪ್ಪ ಹಗ್ಗ ಬಿಚ್ಚಿ ನನ್ನ ಕೈಗಿಟ್ಟ. ನಮ್ಮ ಕಡೆ ದೇವರು, ಮದುವೆ, ಸಾವು, ಈ ಮೂರು ಬಿಟ್ಟು ಬೇರೆ ಕಾರಣಕ್ಕೆ ಯಾರೂ ಅಷ್ಟು ದೂರ ಗಾಡಿ ಹತ್ತುವುದಿಲ್ಲ. ಮದುವೆಯಿಲ್ಲ, ಸಾವಿಲ್ಲ, ಅಂದಮೇಲೆ ದೇವರೇ ಎಂದು ಅವನು ತಿಳಿದ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಸುದ್ದಿ ಸಂಜೆಯೊಳಗೆ ಊರು ತುಂಬಿತು. ಯಾತ್ರೆಗೆ ಹೊರಟವರ ಕೈಯಲ್ಲಿ ತಮ್ಮ ಹೆಸರಿನ ಕಾಯಿ ಕಳಿಸುವುದು ನಮ್ಮವರ ರೂಢಿ. ಮರುದಿನ ಒಬ್ಬರು ಕಾಯಿ ತಂದರು, ಒಬ್ಬರು ದೀಪದ ಎಣ್ಣೆ, ಇನ್ನೊಬ್ಬರು ಹರಕೆಯ ತೊಟ್ಟಿಲು. ಅಕ್ಕ ಬಾವಿಯಿಂದ ನೀರು ಹೊತ್ತು ಬರುವಷ್ಟರಲ್ಲಿ ಗಾಡಿ ಕಾಯಿಗಳ ಗುಡ್ಡವಾಗಿತ್ತು. ಹತ್ತಿ ನಿಂತಿದ್ದರೆ ಸೊಲ್ಲಾಪುರ ಕಾಣುತ್ತಿತ್ತು.

ಅವಳು ಕೊಡ ಇಳಿಸಿದಳು. ಕಾಯಿಗಳನ್ನು ಬುಟ್ಟಿಗೆ ತುಂಬಿ ಮನೆಮನೆಗೆ ತಿರುಗಿ ಕೊಟ್ಟು ಬಂದಳು. ಪ್ರತಿ ಬಾಗಿಲಲ್ಲೂ ಒಂದೇ ಮಾತು: ದೇವರಿಗಲ್ಲ, ಅಡವಿ ನೋಡಲು ಹೊರಟಿದ್ದೇನೆ. ಊರು ಕುದಿಯಿತು. ವಿಧವೆ ಹೆಂಗಸು, ಸುಮ್ಮನೆ, ಗಿಡ ನೋಡಲು! ಚಂದಪ್ಪ ಓಡಿ ಬಂದು ತನ್ನ ಎತ್ತು ಬಿಚ್ಚಿಕೊಂಡು ಹೋದ.

ಸಂಜೆ ಗೌಡರಾದ ಶಾಂತಲಿಂಗಪ್ಪನವರೇ ನಮ್ಮ ಅಂಗಳಕ್ಕೆ ಬಂದರು.

“ಅಡವ್ಯಾಗ ಏನೈತಿ ನಿಂಬೆವ್ವ?”

“ಗಿಡ ಅದಾವ್ರಿ ಗೌಡ್ರ.”

ಗೌಡರು ಕೆಟ್ಟವರಲ್ಲ, ಉಪಾಯ ಹೇಳಿಕೊಟ್ಟರು. ಒಂದೇ ಒಂದು ಕಾಯಿ ಇಟ್ಟುಕೊಳ್ಳಬೇಕು, ದಾರಿಯಲ್ಲಿ ಯಾವುದಾದರೂ ಕಲ್ಲಿಗೆ ಒಡೆಯಬೇಕು. ಚಂದಪ್ಪನಿಂದ ಎತ್ತು ಕೊಡಿಸುವ ಜವಾಬ್ದಾರಿ ತಮ್ಮದು. ಇಲ್ಲವಾದರೆ ಗಾಡಿ ಊರ ಅಗಸಿ ಬಾಗಿಲು ದಾಟಲು ಬಿಡುವುದಿಲ್ಲ. ನಾನಾಗಿದ್ದರೆ ಕಾಯಿ ಏನು, ತೆಂಗಿನ ತೋಟವನ್ನೇ ಹೇರಿಕೊಂಡು ಹೊರಡುತ್ತಿದ್ದೆ. ಅಕ್ಕ ಸೆರಗು ಸರಿಮಾಡಿಕೊಂಡಳು.

“ಸುಳ್ಳ ಹೇಳಿ ದೇವರ ಮುಂದ ನಿಲ್ಲಾಕ ನನಗ ನಾಚಿಕಿ ಬರತೈತ್ರಿ. ಖರೇ ಹೇಳಿ ನಿಮ್ಮ ಮುಂದ ನಿಲ್ಲಾಕ ಏನೂ ನಾಚಿಕಿ ಇಲ್ಲ.”

ಅವರು ಹೋದ ಮೇಲೆ ಅಕ್ಕ ಇಮಾಮಸಾಬನ ಮನೆಗೆ ನಡೆದಳು. ಅವನ ಬಳಿ ನೀರಿನ ಗಾಡಿ ಎಳೆಯುವ ಕೋಣವೊಂದಿತ್ತು. ಅದು ದನವಲ್ಲ, ಕರಿಯ ಬಂಡೆ. ನೆರಳು ಬೇಕಾದ ಕೋಳಿಗಳು ಅದರ ಕೆಳಗೆ ಮಲಗುತ್ತಿದ್ದವು. ಬಸವಣ್ಣನೆಂದು ಪೂಜಿಸುವ ಎತ್ತಿನ ಜೊತೆ ಕೋಣವನ್ನು ಹೂಡುವುದೆಂದರೆ ನಮ್ಮವರಲ್ಲಿ ಹೇಳಬಾರದ ಹೇಸಿಗೆ. ಇಮಾಮಸಾಬನೇ ಹೆದರಿ, ಜನ ಬೈತಾರ ನಿಂಬೆಕ್ಕ ಎಂದನಂತೆ. ಈಗೇನು ಹೊಗಳಾಕತ್ತಾರೇನು ಎಂದು ಅಕ್ಕ ಹಗ್ಗ ಹಿಡಿದುಕೊಂಡು ಬಂದಳು.

ಬೆಳಿಗ್ಗೆ, ಊರೆಲ್ಲ ಎದ್ದು ನೋಡುವ ಹೊತ್ತಿಗೇ, ಹೊರಟೆವು. ನೊಗದ ಎಡಕ್ಕೆ ಬಿಳಿಯ ಎತ್ತು, ಬಲಕ್ಕೆ ಕೋಣ. ಎತ್ತು ಓಡಬೇಕೆನ್ನುತ್ತದೆ, ಕೋಣ ಮಲಗಬೇಕೆನ್ನುತ್ತದೆ. ಗಾಡಿ ಬಲಕ್ಕೆ ತಿರುಗಿ ತಿರುಗಿ ಊರಿಗೆ ಪ್ರದಕ್ಷಿಣೆ ಹಾಕತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಈಗಲೂ ಸುತ್ತುತ್ತಲೇ ಇರುತ್ತಿದ್ದರು. ನಾನು ನೊಗದ ಮೇಲೆಯೇ ಕುಳಿತು ಒಂದರ ಮೂಗುದಾರ ಜಗ್ಗಿ, ಇನ್ನೊಂದರ ಬಾಲ ತಿರುಚಿ, ಗಾಡಿಯನ್ನು ದಾರದ ಹಾಗೆ ನೇರ ಮಾಡಿದೆ.

ಅಗಸಿಯಲ್ಲಿ ಗೌಡರು ಕೈಯಡ್ಡ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಚಂದಪ್ಪ, ಹಿಂದೆ ಮಂದಿ. ನಾನು ಹಗ್ಗ ಜಗ್ಗಲು ಹೋದೆ.

“ನಿಲ್ಲಿಸಬ್ಯಾಡ ಲೇ ತಮ್ಮ” ಎಂದಳು ಅಕ್ಕ.

ನಿಲ್ಲಿಸಲಿಲ್ಲ. ಎತ್ತು ಗೌಡರ ಗುರುತು ಹಿಡಿದು ನಿಂತಿತು. ಕೋಣಕ್ಕೆ ಯಾವ ಗೌಡರ ಗುರುತೂ ಇರಲಿಲ್ಲ, ಅದು ತಲೆ ತಗ್ಗಿಸಿ ಎಲ್ಲರನ್ನೂ ಎಳೆದುಕೊಂಡೇ ನಡೆಯಿತು. ಗೌಡರು ಪಕ್ಕಕ್ಕೆ ಸರಿದರು. ಮಂದಿಯೂ ಸರಿಯಿತು. ಸರಿದ ಜಾಗದಿಂದ ಚಂದಪ್ಪನ ಹೆಂಡತಿ ಗಂಗುಬಾಯಿ ಗಾಡಿಯ ಹಿಂದೆ ನಡೆಯತೊಡಗಿದಳು, ಕಂಕುಳಲ್ಲಿ ಒಂದು ಗಂಟು. ನಡೆದವಳು ಓಡಿದಳು, ಓಡಿದವಳು ಗಾಡಿಯ ಹಿಂಬದಿ ಹಿಡಿದಳು. ಅಕ್ಕ ಮೇವಿಗೆಂದು ಹೇರಿದ್ದ ಕಣಿಕಿಯ ಸಿವುಡು ಸರಿಸಿ ಅವಳ ರಟ್ಟೆ ಹಿಡಿದು ಎಳೆದುಕೊಂಡಳು.

ಚಂದಪ್ಪ ಗಾಡಿಯ ಜೊತೆಜೊತೆಗೇ ಓಡಿದ. ಬೈದ, ಬೇಡಿದ, ಮತ್ತೆ ಬೈದ. ಕೊನೆಗೆ ದಮ್ಮು ಹತ್ತಿ ನಿಂತು, “ಹಾಂಗಾರ ಯಾವಾಗ ಬರ್ತಿ, ಅದನ್ನಾದ್ರೂ ಹೇಳಿ ಹೋಗು” ಎಂದ.

ಗಂಗುಬಾಯಿ ಗಂಟನ್ನು ರೊಟ್ಟಿಯ ಬುಟ್ಟಿಯ ಪಕ್ಕಕ್ಕೆ ಇಟ್ಟು, ಕಾಲು ಚಾಚಿ ಕುಳಿತಳು.

“ನೋಡಿದ ಮ್ಯಾಲ.”