ಕೈಬಿಡಲಾಗದ ಟೈಪಿಸ್ಟು

ಚನ್ನಗಿರಿಯ ಗೊಬ್ಬರ ಕಂಪನಿ ಶಾಖೆಯಲ್ಲಿ ಶಿವಗಂಗಮ್ಮನಷ್ಟು ಚೆನ್ನಾಗಿ ಟೈಪ್ ಮಾಡುವವರು ಇನ್ನೊಬ್ಬರಿರಲಿಲ್ಲ. ಅದೇ ಅವಳ ಗ್ರಹಚಾರ. ಕೈ ಕೆಸರಾದರೆ ಬಾಯಿ ಮೊಸರು ಎಂದ ಪುಣ್ಯಾತ್ಮ ಯಾರೋ, ಅವನು ದಿನಗೂಲಿ ಟೈಪಿಸ್ಟನ್ನಂತೂ ಕಂಡಿರಲಿಕ್ಕಿಲ್ಲ! ಕೆರೆಬಿಳಚಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬಂದು, ಸಂಜೆವರೆಗೆ ಬಿಲ್ಲು, ಪತ್ರ ಕುಟ್ಟಿ, ಮತ್ತೆ ನಿಂತೇ ಊರಿಗೆ ಹೋಗುವಳು. ಎಸ್ಸೆಸ್ಸೆಲ್ಸಿ ಮುಗಿಸಿದ ಹೊಸತರಲ್ಲಿ ಸೇರಿದವಳು ಮೂವತ್ತರ ಹತ್ತಿರ ಬಂದರೂ ಕೆಲಸ ಕಾಯಂ ಆಗಿರಲಿಲ್ಲ.

೧೯೮೮ರ ಬೇಸಿಗೆಯಲ್ಲಿ ದಾವಣಗೆರೆಯ ಹೆಡ್ಡಾಫೀಸಿನಿಂದ ಮಹೇಶ್ವರಪ್ಪ ಎಂಬ ಅಧಿಕಾರಿ ಬಂದರು. ಅಲ್ಲಿಗೆ ಕಂಪ್ಯೂಟರ್ ಬಂದಿದೆಯಂತೆ. ಶಾಖೆಗಳ ಲೆಕ್ಕವನ್ನೆಲ್ಲ ಅದಕ್ಕೆ ತುಂಬಲು ಶಾಖೆಗೊಬ್ಬರು ಟೈಪ್ ಬಲ್ಲವರು ಬೇಕಂತೆ.

"ಹೋದೋರಿಗೆ ಕೆಲ್ಸ ಕಾಯಂ ರೀ," ಎಂದರು ಮಹೇಶ್ವರಪ್ಪ. "ಉಳಿದೋರ ಕತೆ ನಾನು ಹೇಳಾಕೆ ಆಗಲ್ಲ. ಇನ್ನೆರಡು ವರ್ಷಕ್ಕೆ ಶಾಖೆಗಳಲ್ಲಿ ಟೈಪಿಸ್ಟ್ ಕೆಲ್ಸಾನೇ ಇರಲ್ಲ. ಯಾರನ್ನ ಕಳಿಸ್ಬೇಕು ಅನ್ನಾದು ನಿಮ್ಮ ಮ್ಯಾನೇಜರಿಗೆ ಬಿಟ್ಟಿದ್ದು."

ಅವರ ಜೀಪು ಬೀದಿ ದಾಟುವ ಮೊದಲೇ ಶಿವಗಂಗಮ್ಮ ಮ್ಯಾನೇಜರ್ ಜಯದೇವಪ್ಪನವರ ಮುಂದೆ ಹೋಗಿ ನಿಂತಳು.

"ಸಾರ್, ನನ್ನ ಕಳಿಸ್ರಿ."

"ನಿನ್ನನ್ನಾ? ನೀನು ಹೋದ್ರೆ ಈ ಆಫೀಸಿಗೆ ಬೀಗ ಹಾಕ್ಬೇಕಾಗ್ತೈತೆ ತಾಯಿ!" ಜಯದೇವಪ್ಪ ನಕ್ಕುಬಿಟ್ಟರು. ಇಷ್ಟು ಹೊಗಳಿದ್ದು ಸಾಲದೆಂಬಂತೆ ಅವಳಿಗೊಂದು ಕಾಫಿಯನ್ನೂ ತರಿಸಿದರು.

ಕೆಲಸ ಚೆನ್ನಾಗಿ ಮಾಡುತ್ತೇನೆಂದು ತಾನೇ ಬಿಡದಿರುವುದು? ಕೆಡಿಸಿದರೆ? ಮರುದಿನ ಹೊನ್ನಾಳಿ ಅಂಗಡಿಯ ಬಿಲ್ಲನ್ನು ನ್ಯಾಮತಿ ಅಂಗಡಿಯ ಹೆಸರಿಗೆ ಹೊಡೆದಳು. ಅದರ ಮರುದಿನ ಯೂರಿಯಾ ಚೀಲಗಳ ಲೆಕ್ಕಕ್ಕೊಂದು ಸೊನ್ನೆ ಹೆಚ್ಚಿಗೆ ಹಾಕಿದಳು. ಹಾಕುವಾಗ ಅವಳಿಗೇ ಸಂಕಟ, ಬೆರಳು ಒಲ್ಲೆ ಅನ್ನುತ್ತಿತ್ತು.

ಜಯದೇವಪ್ಪ ಬೈಯಲೇ ಇಲ್ಲ. ತಪ್ಪುಗಳನ್ನು ತಾವೇ ಕೂತು ಪೆನ್ನಿನಲ್ಲಿ ತಿದ್ದಿದರು. "ಪಾಪ, ಸೆಕೆಗೆ ಹಂಗಾಗೈತೆ," ಎಂದು ಅವಳ ಮೇಜನ್ನು ತಮ್ಮ ಕೋಣೆಯ ಫ್ಯಾನಿನ ಕೆಳಗೇ ಹಾಕಿಸಿದರು. ಅಯ್ಯೋ ಶಿವನೇ! ಬೈದಿದ್ದರೆ ತಿರುಗಿ ಬೀಳಬಹುದಿತ್ತು. ಈ ಅಕ್ಕರೆಯ ಎದುರು ಏನು ಮಾಡುವುದು? ಮೇಲಾಗಿ ತಪ್ಪು ಹೆಚ್ಚಾಗಿ ಸುದ್ದಿ ದಾವಣಗೆರೆ ಮುಟ್ಟಿದರೆ ಅವರೂ ಬೇಡವೆನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಮೂರನೆಯ ದಿನದಿಂದ ಮೊದಲಿನಂತೆ ನೆಟ್ಟಗೆ ಟೈಪ್ ಮಾಡತೊಡಗಿದಳು.

ಶನಿವಾರ ಹೆಸರು ಹೊರಬಿತ್ತು. ಗಾದ್ರಪ್ಪ! ಜಗಳೂರು ಕಡೆಯ ಆ ಹುಡುಗ ಕ್ಲಾರ್ಕಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನಿಗೆ ಟೈಪ್ ಹೇಳಿಕೊಟ್ಟವಳೇ ಶಿವಗಂಗಮ್ಮ. ಈಗಲೂ ಎರಡೇ ಬೆರಳಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಅಕ್ಷರ ಹುಡುಕುತ್ತಿದ್ದ. ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುವುದು ಸುಮ್ಮನೆ ಅಲ್ಲ.

"ಅಕ್ಕಾ, ನಾನೇನು ಕೇಳಿರ್ಲಿಲ್ಲ ಕಣಕ್ಕ," ಎಂದು ಗಾದ್ರಪ್ಪ ತಲೆ ಕೆರೆದುಕೊಂಡ.

"ಕೇಳಿದ್ದೋಳು ನಾನು," ಎಂದಳು ಅವಳು. ಹೊಟ್ಟೆ ಉರಿಯುತ್ತಿತ್ತು. ಅವನ ಮೇಲೆ ಸಿಟ್ಟು ಮಾಡಲು ಕಾರಣವೂ ಸಿಗದೆ ಇನ್ನಷ್ಟು ಉರಿಯಿತು.

ನೇರವಾಗಿ ಜಯದೇವಪ್ಪನವರ ಹತ್ತಿರ ಹೋದಳು. "ಸಾರ್, ಅವನನ್ನ ಯಾಕೆ ಕಳಿಸ್ತೀರಿ?"

"ಅವನು ಹೋದ್ರೆ ನಮಗೇನೂ ನಷ್ಟ ಇಲ್ಲವಲ್ಲಮ್ಮ."

"ಎರಡು ವರ್ಷ ಆದ್ಮೇಲೆ ಇಲ್ಲಿ ಟೈಪಿಂಗೇ ಇರಲ್ಲ ಅಂದ್ರಲ್ಲ, ಆವಾಗ ನನ್ ಗತಿ ಏನ್ರಿ?"

ಜಯದೇವಪ್ಪ ಕನ್ನಡಕ ತೆಗೆದು ನಿಜಕ್ಕೂ ಯೋಚನೆ ಮಾಡಿದರು. ಅವರ ಮುಖದಲ್ಲಿ ಎಳ್ಳಷ್ಟೂ ಕೆಡುಕಿರಲಿಲ್ಲ.

"ಎರಡು ವರ್ಷದ ಮಾತು ಈಗ್ಯಾಕೆ ತಾಯಿ? ಬರೋ ಯುಗಾದಿಗೆ ನಾನು ರಿಟೈರಾಗ್ತೀನಿ. ಅಲ್ಲಿಗಂಟ ನೀನಿದ್ರೆ ನಂಗ್ಯಾವ ಚಿಂತೆನೂ ಇಲ್ಲ."

ಅವರು ಕೈಬರಹದ ಒಂದು ಕಾಗದವನ್ನು ಅವಳತ್ತ ಚಾಚಿದರು. ಗಾದ್ರಪ್ಪನನ್ನು ಕಳಿಸುತ್ತಿದ್ದೇವೆಂದು ಹೆಡ್ಡಾಫೀಸಿಗೆ ಹೋಗಬೇಕಾದ ಪತ್ರ.

"ಇದನ್ನ ನೀನೇ ಟೈಪ್ ಮಾಡಮ್ಮ. ಅವನ ಕೈಲಿ ಮಾಡಿಸಿದ್ರೆ ಓದಿದ ಕೂಡ್ಲೇ ವಾಪಸ್ ಕಳಿಸಿಬಿಡ್ತಾರೆ!"

ಅವಳು ಮೇಜಿಗೆ ಬಂದು ಕಾಗದ ಏರಿಸಿದಳು. ಒಂದು ತಪ್ಪು ಹೊಡೆದುಬಿಡೋಣ ಅನ್ನಿಸಿತು. ಹೊಡೆದರೆ, ಪತ್ರವನ್ನು ಮತ್ತೊಮ್ಮೆ ಟೈಪ್ ಮಾಡಬೇಕಾದವಳೂ ತಾನೇ.