ಬೆಳ್ಳಿಯ ಎಡಗೈ

ನಮ್ಮಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ಇದಿಷ್ಟಕ್ಕೂ ಮೂಲ ಆ ಕೋಪ, ಮತ್ತು ಅದಕ್ಕೆ ಹೆದರಿ ಸಾಯುತ್ತಿದ್ದ ನಾನು.

ಅಣ್ಣ ಕಾಮಿಕ್ಸ್ ಬರೆಯುವವನು. ಆಕಾಶನೌಕೆಯೊಂದರ ಸಾಹಸಗಳು, ತಿಂಗಳಿಗೊಂದು ಸಂಚಿಕೆ. ಅದರಲ್ಲೊಬ್ಬಳು ಹೆಣ್ಣು ರೋಬೋ, ಬೆಳ್ಳಿ. ಅವನು ಪೆನ್ಸಿಲ್ಲಿನಲ್ಲಿ ಬರೆದ ಚಿತ್ರಕ್ಕೆ ಮಸಿಯ ಗೆರೆ ಎಳೆಯುವುದು, ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬುವುದು ತಂಗಿಯಾದ ನನ್ನ ಕೆಲಸ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದೆ. ಬೆಳ್ಳಿಗೆ ಹಿಡಿಯಷ್ಟು ಸೊಂಟ, ಎರಡೇ ಮಾತು: “ಆಗಲಿ, ಕ್ಯಾಪ್ಟನ್.” ಕ್ಯಾಪ್ಟನ್ ಬೀಳುತ್ತಾನೆ, ಇವಳು ಎತ್ತುತ್ತಾಳೆ, ಕೊನೆಯ ಪುಟದಲ್ಲಿ ಪದಕ ಅವನ ಕೊರಳಿಗೆ. ಆದರೂ ನನಗೆ ಅವಳೆಂದರೆ ಜೀವ. ಹೆತ್ತ ಮಗನಿಗಿಂತ ಹೆಚ್ಚು ಹೊತ್ತು ಅವಳ ಮುಖ ನೋಡಿದ್ದೇನೆ.

ಮೊದಲ ಮೂರು ಸಂಚಿಕೆಗಳಲ್ಲಿ ಅಣ್ಣ ಅವಳನ್ನು ಪ್ರತಿ ಸಲ ಹೊಸದಾಗಿ ಬರೆದ. ನಾಲ್ಕನೆಯದಕ್ಕೆ ಸಮಯ ಸಾಲದೆ, ಅವಳ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಅಚ್ಚು ಮಾಡಿದ. ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಓಡಿಸಿದರೆ ಬೆಳ್ಳಿ ಸಿದ್ಧ. ಅವನು ಊಟಕ್ಕೆ ಹೋದಾಗ ನಾನು ಅದರ ಅಂಚು ನಯ ಮಾಡಲು ಹೊರಟೆ. ಬ್ಲೇಡು ಜಾರಿತು. ಇಳಿಬಿಟ್ಟ ಎಡಗೈಯ ಸಮೇತ ಎಡ ಸೊಂಟದ ಒಂದು ತುಂಡೇ ಹಾರಿಹೋಯಿತು.

ಹಿಂದಿನ ದಿನವಷ್ಟೇ ಅಣ್ಣ ಮಸಿಯ ಬಾಟಲಿಯನ್ನು ಗೋಡೆಗೆ ಎಸೆದಿದ್ದ, ಕಲೆ ಇನ್ನೂ ಹಸಿಯಾಗಿತ್ತು. ನಾನು ಇನ್ನೊಂದು ರಟ್ಟಿನಿಂದ ಒಂದು ಕೈ ಕತ್ತರಿಸಿ, ಸೊಂಟದ ಮೇಲಿಟ್ಟುಕೊಂಡ ಹಾಗೆ ಆ ಕಚ್ಚಿನ ಮೇಲೆ ಅಂಟಿಸಿಬಿಟ್ಟೆ. ಅಣ್ಣ ಬಂದ, ಅಚ್ಚು ಎತ್ತಿಕೊಂಡ, ಗೆರೆ ಎಳೆದ. ಏನೂ ಅನ್ನಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಅಂದಿನಿಂದ ಬೆಳ್ಳಿಯ ಎಡಗೈ ಸೊಂಟ ಬಿಟ್ಟು ಕದಲಲಿಲ್ಲ. ನೌಕೆ ಹೊತ್ತಿ ಉರಿಯಲಿ, ಶತ್ರುಗಳು ಮುತ್ತಿಗೆ ಹಾಕಲಿ, ಎಲ್ಲವನ್ನೂ ಒಂದೇ ಕೈಯಲ್ಲಿ ನಿಭಾಯಿಸಿದಳು. ಓದುಗರು ಅದನ್ನು ಠೀವಿ ಎಂದರು. ಶಾಲೆಯ ಹುಡುಗಿಯರು ಹಾಗೇ ನಿಂತು ಫೋಟೊ ತೆಗೆಸಿಕೊಂಡು ಕಚೇರಿಗೆ ಕಳಿಸಿದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಎರಡು ವರ್ಷದ ಹಿಂದೆ ಅಣ್ಣನ ಬಲಗೈ ನಡುಗತೊಡಗಿತು. ಅವನು ಮನೆಯಲ್ಲಿ ಕೂತ, ನಾನು ಅದೇ ಅಚ್ಚು ಇಟ್ಟುಕೊಂಡು ಹೇಗೋ ಸಂಚಿಕೆ ತಳ್ಳುತ್ತಾ ಬಂದೆ. ಓದುಗರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಸಂಪಾದಕರು ಕರೆದು ಕೂರಿಸಿ ಹೇಳಿದರು:

“ಬೆಳ್ಳೀನ ಹೊಸದಾಗಿ ಬರೆಸೋಣ, ಇಲ್ಲಾಂದ್ರೆ ನಿಲ್ಲಿಸಿಬಿಡೋಣ. ಬರೆಯೋಕೆ ಒಬ್ಬರು ಸಿಕ್ಕಿದ್ದಾರೆ. ಆದ್ರೆ ಒಪ್ಪಂದದ ಪ್ರಕಾರ ನಿಮ್ಮಣ್ಣ ಸಹಿ ಹಾಕದೆ ಒಂದು ಗೆರೆ ಬದಲಾಯಿಸೋ ಹಾಗಿಲ್ಲ.”

ಅಣ್ಣ ಒಪ್ಪದಿದ್ದರೆ ಬೆಳ್ಳಿಯ ಕತೆ ಅಲ್ಲಿಗೆ ಮುಗಿಯಿತು.

ಹೊಸಬಳು ಮೊದಲು ಲಿಫ್ಟ್ ರಿಪೇರಿ ಮಾಡುತ್ತಿದ್ದಳಂತೆ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿನ ಕಪ್ಪು. ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ. ಅವಳು ಬಂದವಳೇ ಕುರ್ಚಿ ಕೇಳಲಿಲ್ಲ, ನೆಲದ ಮೇಲೆ ಕೂತು ಮುನ್ನೂರ ಚಿಲ್ಲರೆ ಸಂಚಿಕೆಗಳನ್ನು ಒಂಬತ್ತು ದಿನ ಓದಿದಳು. ಹತ್ತನೆಯ ದಿನ ನನ್ನ ಮೇಜಿನ ಬಳಿ ಬಂದಳು.

“ಅಕ್ಕಾ, ನಾಲ್ಕನೇ ಸಂಚಿಕೆಯಿಂದ ಈಯಮ್ಮ ಎಡಗೈ ಎತ್ತೇ ಇಲ್ಲ. ಗಮನಿಸಿದ್ದೀರಾ?”

ನಾನು ಮೇಜಿನ ಮೇಲಿದ್ದ ಅಚ್ಚನ್ನು ಹಾಳೆಯ ಕೆಳಗೆ ಸರಿಸಿದೆ. “ಅದು ಅವಳ ಠೀವಿ,” ಎಂದೆ.

“ಅಲ್ಲ ಅಕ್ಕಾ. ಮೂರನೇ ಸಂಚಿಕೆ ಕೊನೇಲಿ ಉಲ್ಕೆ ಬಡಿಯುತ್ತಲ್ಲ, ಕ್ಯಾಪ್ಟನ್‌ಗೆ ಅಡ್ಡ ನಿಂತ್ಕೋತಾಳಲ್ಲ, ಆಗ ಏಟು ಬಿದ್ದಿದೆ. ಅವತ್ತಿಂದ ಅಲ್ಲಿ ಒತ್ತಿ ಹಿಡ್ಕೊಂಡಿದ್ದಾಳೆ. ಇಷ್ಟು ವರ್ಷ ಒಬ್ಬರೂ ಏನಾಯ್ತಮ್ಮಾ ಅಂತ ಕೇಳಿಲ್ಲ.”

ಅಲ್ಲಿರುವುದು ನನ್ನ ಬ್ಲೇಡಿನ ಕಚ್ಚು ಎಂದು ನನಗೆ ಗೊತ್ತು. ಆದರೂ ಇಪ್ಪತ್ತಾರು ವರ್ಷ ಅವಳ ಮುಖ ನೋಡಿದವಳು ನಾನು, ಕೇಳದೆ ಹೋದೆನಲ್ಲ ಎಂದು ನಾಚಿಕೆಯಾಯಿತು. ಹೇಳಿಬಿಡೋಣವೆಂದು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ.

ಅವಳು ಬರೆದ ಬೆಳ್ಳಿಗೆ ಅಗಲವಾದ ಬೆನ್ನು, ಮೈಮೇಲೆ ಬೆಸುಗೆಯ ಗುರುತು, ಒಂದು ಮಂಡಿ ಬೇರೆ ಲೋಹದ್ದು.

“ಇಷ್ಟು ವರ್ಷ ದುಡಿದ ಯಂತ್ರ ಹೀಗೇ ಇರುತ್ತೆ ಅಕ್ಕಾ. ಒಂದೇ ಥರದ ಬಿಡಿಭಾಗ ಯಾವತ್ತೂ ಸಿಗಲ್ಲ,” ಎಂದಳು.

ಅವಳ ಹೊಸ ಸಂಚಿಕೆಯ ಏಳನೆಯ ಪುಟದಲ್ಲಿ ಕ್ಯಾಪ್ಟನ್ ಮೊದಲ ಸಲ ಕೇಳುತ್ತಾನೆ: “ಅಲ್ಲೇನಾಗಿದೆ?” ಬೆಳ್ಳಿ ಕೈ ತೆಗೆಯುತ್ತಾಳೆ. ಒಳಗೆ ಅಂಗೈಯಗಲದ ತೂತು, ಅವಳೇ ಗಂಟು ಹಾಕಿಕೊಂಡ ತಂತಿಗಳು. ಅವಳು “ಆಗಲಿ” ಅನ್ನುವುದಿಲ್ಲ. “ದೀಪ ಹಿಡ್ಕೊಳ್ಳಿ, ಕ್ಯಾಪ್ಟನ್,” ಅನ್ನುತ್ತಾಳೆ. ಆಮೇಲೆ ಎರಡೂ ಕೈಯಲ್ಲಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತಾಳೆ. ಆ ಹತ್ತು ಬೆರಳುಗಳಿಗೆ ಮಸಿಯ ಗೆರೆ ಎಳೆಯುವಾಗ ನನ್ನ ಕಣ್ಣು ಮಂಜಾಯಿತು. ಎಂಥ ಕೈ ಬರೆದಿದ್ದಳು ಆ ಹುಡುಗಿ! ನನ್ನ ಹೊಟ್ಟೆಕಿಚ್ಚು ಅಲ್ಲಿಗೇ ಸತ್ತಿತು.

ಪುಟಗಳನ್ನೂ ಒಪ್ಪಿಗೆಯ ಕಾಗದವನ್ನೂ ತೆಗೆದುಕೊಂಡು ಇಬ್ಬರೂ ಅಣ್ಣನ ಮನೆಗೆ ಹೋದೆವು. ಅವನು ಕಿಟಕಿಯ ಪಕ್ಕ ಕೂತು ಮೊದಲ ಪುಟ ನೋಡಿ ಹುಬ್ಬು ಗಂಟಿಕ್ಕಿದ.

“ಸೊಂಟ ಎಲ್ಲಿ ಹೋಯ್ತು?”

“ಮೋಟಾರ್ ಇಡೋಕೆ ಜಾಗ ಬೇಕಿತ್ತು ಸರ್,” ಎಂದಳು ಹೊಸಬಳು.

ಈಗ ಪುಟಗಳು ಹಾರುತ್ತವೆ ಅಂದುಕೊಂಡು ನಾನು ಮೇಜಿನ ಮೇಲಿದ್ದ ಲೋಟವನ್ನು ಮೆಲ್ಲಗೆ ಆಚೆ ಸರಿಸಿದೆ. ಅಣ್ಣ ಹಾಳೆ ತಿರುವುತ್ತಾ ಹೋದ. ಏಳನೆಯ ಪುಟಕ್ಕೆ ನಿಂತ. ಭೂತಗನ್ನಡಿ ತರಿಸಿಕೊಂಡು, ಒಂದೊಂದು ಬೆರಳನ್ನೂ ನೋಡಿದ. ಎಷ್ಟು ಹೊತ್ತೋ.

“ಚೆನ್ನಾಗಿದೆ ಕಣಮ್ಮ,” ಎಂದ. “ನನ್ನ ಕೈಲಿ ಇದು ಆಗ್ತಿರಲಿಲ್ಲ.”

ಆ ಮಾತನ್ನು ಅವನ ಬಾಯಿಂದ ನಾನು ಒಮ್ಮೆಯೂ ಕೇಳಿರಲಿಲ್ಲ. ಹೊಸಬಳು ಒಪ್ಪಿಗೆಯ ಕಾಗದ ಮುಂದಿಟ್ಟು ಪೆನ್ನು ಕೊಟ್ಟಳು. ಅಣ್ಣ ಎರಡನ್ನೂ ನನ್ನ ಕಡೆ ತಳ್ಳಿದ.

“ಇವಳ ಹತ್ರ ಮೊದಲು ಹಾಕಿಸ್ಕೊ. ಈ ಕತೆ ನಿಂತಿರೋದು ಸೊಂಟದ ಮೇಲಿನ ಆ ಕೈ ಮೇಲೆ. ಅದನ್ನ ಅಂಟಿಸಿದವಳು ಇವಳು.”

ನಾನು ಪೆನ್ನು ಮುಟ್ಟದೆ ಅಣ್ಣನ ಕಡೆ ತಿರುಗಿದೆ. “ನಿನಗೆ ಗೊತ್ತಿತ್ತಾ?”

“ಅಚ್ಚು ಕತ್ತರಿಸಿದವನು ನಾನು. ಕೈ ಎರಡೂ ಕೆಳಗಿದ್ವು. ಬೈಯೋಣ ಅಂತಾನೇ ಎತ್ಕೊಂಡೆ. ನೋಡಿದ್ರೆ ನಂದಕ್ಕಿಂತ ಚೆನ್ನಾಗಿತ್ತು.” ಅವನು ಕಿಟಕಿಯ ಕಡೆ ತಿರುಗಿದ. “ಹಾಗಂತ ಹೇಳೋಕೆ ಬಾಯಿ ಬರಲಿಲ್ಲ.”

ಹೊಸಬಳು ನನ್ನನ್ನೇ ನೋಡುತ್ತಿದ್ದಳು. ತನ್ನ ಉಲ್ಕೆಯ ಊಹೆ ಸುಳ್ಳಾಯಿತೆಂದು ಬೇಸರವಾಗಿರಬಹುದು ಅಂದುಕೊಂಡೆ, ಅವಳು ನಗುತ್ತಿದ್ದಳು.

ಇಪ್ಪತ್ತಾರು ವರ್ಷ ಎಲ್ಲರ ಮಾತನ್ನೂ ಬರೆದ ನನಗೆ ಚಿತ್ರ ಬರೆಯುವವರ ಹಾಗೆ ಚಂದದ ಸಹಿ ಇರಲಿಲ್ಲ. ಬ್ಯಾಂಕಿನಲ್ಲಿ ಹಾಕುವುದನ್ನೇ ಹಾಕಿದೆ. ಅಣ್ಣ ಅದರ ಕೆಳಗೆ ಹಾಕಲು ಪೆನ್ನು ತೆಗೆದುಕೊಂಡ. ಅವನ ಕೈ ನಡುಗಿ ಕಾಗದ ಜಾರುತ್ತಿತ್ತು. ನಾನು ಎಡಗೈಯನ್ನು ಅದರ ಮೇಲೆ ಒತ್ತಿ ಹಿಡಿದು, ಅವನು ಮುಗಿಸುವವರೆಗೂ ಕದಲದೆ ನಿಂತೆ.